ನಡುದಾರಿಯ ನಿಲ್ದಾಣ

ಮುಹರ್ರಕ್‌ನಲ್ಲಿ ನಾನಿರುವ ಕಟ್ಟಡದ ತಾರಸಿಗೆ ಬಟ್ಟೆ ಒಣಗಿಸಲು ಹೋದಾಗಲೆಲ್ಲ ತಲೆಯ ಮೇಲೆಯೇ ವಿಮಾನಗಳು ಇಳಿಯುತ್ತವೆ. ಹನ್ನೆರಡು ವರ್ಷದಿಂದ ನೋಡ್ತಾ ಇದ್ದೇನೆ. ಇಷ್ಟು ಸಣ್ಣ ದ್ವೀಪಕ್ಕೆ ವಿಮಾನ ಅಷ್ಟು ಬೇಗ ಯಾಕೆ ಬಂತು ಅಂತ ಯೋಚಿಸಿದ್ದು ಮಾತ್ರ ಇತ್ತೀಚೆಗೆ. ಬಹರೈನಿನ ಒಟ್ಟು ನೆಲ ಸುಮಾರು 780 ಚದರ ಕಿಲೋಮೀಟರ್. ನಮ್ಮ ಬೆಂಗಳೂರು ನಗರಕ್ಕಿಂತ ತುಸು ಹೆಚ್ಚು, ಅಷ್ಟೇ.

ನಿಜ ಹೇಳಬೇಕೆಂದರೆ ಇಲ್ಲಿಗೆ ವಿಮಾನ ಬಂದದ್ದು ಬಹರೈನಿಗಾಗಿ ಅಲ್ಲ, ಭಾರತಕ್ಕಾಗಿ. ಬ್ರಿಟಿಷರ ಇಂಪೀರಿಯಲ್ ಏರ್‌ವೇಸ್ ಕಂಪನಿ 1929ರಲ್ಲಿ ಲಂಡನ್ನಿನಿಂದ ಕರಾಚಿಗೆ ಸಂಚಾರ ಶುರು ಮಾಡಿತು. ಆಗಿನ ದಾರಿ ಪರ್ಷಿಯಾದ ಕರಾವಳಿಯ ಮೇಲೆ. ಆ ದೇಶ ಅನುಮತಿ ಮುಂದುವರಿಸಲು ಒಪ್ಪದಿದ್ದಾಗ, 1932ರಲ್ಲಿ ದಾರಿಯನ್ನು ಕೊಲ್ಲಿಯ ಈಚೆ ದಡಕ್ಕೆ ತಿರುಗಿಸಬೇಕಾಯಿತು. ಆ ಕಾಲದ ವಿಮಾನಗಳು ಪದೇ ಪದೇ ಇಳಿದು ಇಂಧನ ತುಂಬಿಸಿಕೊಳ್ಳಬೇಕಿತ್ತು. ಹಾಗಾಗಿ ಕುವೈತ್, ಬಹರೈನ್, ಶಾರ್ಜಾ, ಗ್ವಾದರ್ ನಿಲ್ದಾಣಗಳಾದವು.

ಅದೇ ವರ್ಷ 'ಹ್ಯಾನಿಬಲ್' ಎಂಬ ವಿಮಾನ ಮುಹರ್ರಕ್‌ನಲ್ಲಿ ಇಳಿಯಿತು. ನಾಲ್ಕು ಎಂಜಿನ್, ಒಂದರ ಮೇಲೊಂದು ರೆಕ್ಕೆ, ಒಳಗೆ 24 ಪ್ರಯಾಣಿಕರು, ವೇಗ ಗಂಟೆಗೆ ಸುಮಾರು 160 ಕಿಲೋಮೀಟರ್. ಲಂಡನ್ನಿನಿಂದ ಇಲ್ಲಿಗೆ ಬರಲು ಹಲವು ದಿನ! ಪ್ರಯಾಣ ಸುರಕ್ಷಿತವೂ ಆಗಿರಲಿಲ್ಲ. ಇದೇ ಹ್ಯಾನಿಬಲ್ 1940ರಲ್ಲಿ ಎಂಟು ಜನರೊಂದಿಗೆ ಓಮಾನ್ ಕೊಲ್ಲಿಯ ಮೇಲೆ ಕಾಣೆಯಾಯಿತು.

ಬಹರೈನಿಗೆ ಅದು ಕಷ್ಟದ ಕಾಲ. ಜಪಾನಿನ ಕೃಷಿ ಮುತ್ತುಗಳಿಂದ ಇಲ್ಲಿನ ಮುತ್ತಿನ ವ್ಯಾಪಾರ ನೆಲಕಚ್ಚಿತ್ತು. ಆದರೆ 1932ರಲ್ಲೇ ಜಬಲ್ ದುಖಾನ್ ಬಳಿ ಎಣ್ಣೆ ಸಿಕ್ಕಿತು. ಎಣ್ಣೆ ಬಂದ ಮೇಲೆ ಈ ಕೊಲ್ಲಿಯೊಳಗೇ ಓಡಾಡುವ ಜನ ಹೆಚ್ಚಾದರು. ಅದನ್ನು ಗಮನಿಸಿದವನು ಫ್ರೆಡ್ಡಿ ಬಾಸ್‌ವರ್ತ್ ಎಂಬ ಬ್ರಿಟಿಷ್ ಪೈಲಟ್. 1950ರಲ್ಲಿ ಆತ ಗಲ್ಫ್ ಏವಿಯೇಷನ್ ಕಂಪನಿ ಕಟ್ಟಿದ. ಏಳು ಆಸನದ ಒಂದು ಆವ್ರೋ ಆನ್ಸನ್ ವಿಮಾನದಲ್ಲಿ ದೋಹಾ, ದಹ್ರಾನ್‌ಗಳಿಗೆ ಹಾರಾಟ. ಮರುವರ್ಷವೇ ಇಂಗ್ಲೆಂಡಿನಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡ. ಕಂಪನಿ ನಿಲ್ಲಲಿಲ್ಲ, ಅದೇ ವರ್ಷ ಬ್ರಿಟನ್ನಿನ ಬಿ.ಓ.ಎ.ಸಿ. ಸಂಸ್ಥೆ ದೊಡ್ಡ ಪಾಲು ಕೊಂಡಿತು.

ಇಲ್ಲಿಂದ ಮುಂದೆ ನಮ್ಮ ಮನೆಯ ಕಥೆಯೂ ಸೇರುತ್ತದೆ. ನನ್ನ ದೊಡ್ಡಪ್ಪ 1964ರಲ್ಲಿ ಬಂದದ್ದು ಮುಂಬಯಿಯಿಂದ ಹಡಗಿನಲ್ಲಿ. ಡೆಕ್ಕಿನ ಮೇಲೆ ಚಾಪೆ ಹಾಸಿಕೊಂಡು ಒಂದು ವಾರ. ಸಿಕ್ಕಿದ ಕೆಲಸ ಮಾತ್ರ ವಿಮಾನ ನಿಲ್ದಾಣದಲ್ಲಿ, ಸಾಮಾನು ಹೇರೋದು. ದಿನಾ ವಿಮಾನ ಮುಟ್ಟುತ್ತಿದ್ದ ಮನುಷ್ಯ ಮೊದಲ ಸಲ ವಿಮಾನ ಹತ್ತಿ ಊರಿಗೆ ಬಂದದ್ದು ಹನ್ನೆರಡು ವರ್ಷದ ನಂತರ!

ಅಷ್ಟರಲ್ಲಿ ಬಹಳ ಬದಲಾಗಿತ್ತು. 1971ರಲ್ಲಿ ಬಹರೈನ್ ಸ್ವತಂತ್ರವಾಯಿತು. ಬಹರೈನ್, ಕತಾರ್, ಅಬುಧಾಬಿ, ಓಮಾನ್ ನಾಲ್ಕೂ ಸೇರಿ ಬ್ರಿಟಿಷರ ಪಾಲು ಕೊಂಡು, 1974ರಲ್ಲಿ ಗಲ್ಫ್ ಏರ್ ಅನ್ನು ತಮ್ಮದಾಗಿಸಿಕೊಂಡವು. 1976ರ ಜನವರಿ 21ರಂದು ಬ್ರಿಟಿಷ್ ಏರ್‌ವೇಸ್‌ನ ಕಾಂಕಾರ್ಡ್ ತನ್ನ ಮೊದಲ ಪ್ರಯಾಣಿಕ ಹಾರಾಟದಲ್ಲಿ ಲಂಡನ್ನಿನಿಂದ ನೇರ ಇಲ್ಲಿಗೇ ಬಂತು. ಹಿಂದೆ ದಿನಗಟ್ಟಲೆ ಹಿಡಿಯುತ್ತಿದ್ದ ದಾರಿ ಸುಮಾರು ನಾಲ್ಕು ಗಂಟೆಗೆ ಇಳಿಯಿತು.

ಆದರೆ ನಡುದಾರಿಯ ನಿಲ್ದಾಣಕ್ಕೆ ಒಂದು ಅಪಾಯ ಇದ್ದೇ ಇರುತ್ತದೆ. ದೂರ ಹಾರಬಲ್ಲ ವಿಮಾನ ಬಂದಾಗ ನಡುವೆ ಇಳಿಯುವ ಅಗತ್ಯ ಯಾರಿಗೂ ಇರೋದಿಲ್ಲ. ಪಾಲುದಾರರೂ ಒಬ್ಬೊಬ್ಬರಾಗಿ ಹೊರಟರು: 2002ರಲ್ಲಿ ಕತಾರ್, 2005ರಲ್ಲಿ ಅಬುಧಾಬಿ, 2007ರಲ್ಲಿ ಓಮಾನ್. ಅವರಿಗೆ ಅವರದೇ ದೊಡ್ಡ ಕಂಪನಿಗಳು. ಉಳಿದದ್ದು ಬಹರೈನ್ ಒಂದೇ. ಅದು ಕೈಬಿಡಲಿಲ್ಲ. 2021ರಲ್ಲಿ ಹೊಸ ಟರ್ಮಿನಲ್ ಕೂಡ ತೆರೆಯಿತು. ಬೇರೆಯವರ ಅಗತ್ಯಕ್ಕೆ ಹುಟ್ಟಿದ್ದನ್ನು ತನ್ನದಾಗಿ ಮಾಡಿಕೊಂಡಿದ್ದರಿಂದಲೇ ಅದು ಉಳಿಯಿತು ಅಂತ ನನಗನ್ನಿಸುತ್ತದೆ.

ನಾವೂ ಬೇರೆಯವರ ಅಗತ್ಯಕ್ಕೆ ಕರೆಸಿಕೊಂಡು ಬಂದವರೇ ಅಲ್ಲವೇ? ಎರಡು ವರ್ಷಕ್ಕೆ ಅಂತ ಬಂದು ಇಪ್ಪತ್ತು ಕಳೆದವರು ನಮ್ಮಲ್ಲಿ ಎಷ್ಟೋ ಮಂದಿ. ವೀಸಾ ಮುಗಿದ ದಿನ ಹೊರಡಲೇಬೇಕು. ಆಗ ನಮ್ಮದು ಅಂತ ಉಳಿಯೋದು ಏನು?

ಬಾಸ್‌ವರ್ತ್‌ನ ಹೆಸರು ಪುಸ್ತಕಗಳಲ್ಲಿದೆ. ಸಾಮಾನು ಹೇರಿದವರ, ರನ್‌ವೇ ಗುಡಿಸಿದವರ, ಊಟದ ಟ್ರೇ ತುಂಬಿದವರ ಹೆಸರು ಎಲ್ಲಿಯೂ ಇಲ್ಲ. ದೊಡ್ಡಪ್ಪ ಬದುಕಿದ್ದಾಗ ನಾನೂ ಕೂತು ಕೇಳಿ ಬರೆದಿಡಲಿಲ್ಲ. ಈಗ ಕೇಳೋಣವೆಂದರೆ ಅವರಿಲ್ಲ. ನಿಮ್ಮ ಕೋಣೆಯಲ್ಲಿ, ನಿಮ್ಮ ಕ್ಯಾಂಪಿನಲ್ಲಿ ಹಳಬರು ಯಾರಾದರೂ ಇದ್ದರೆ ಈ ಶುಕ್ರವಾರವೇ ಒಂದು ಚಹಾ ಕೊಟ್ಟು ಕೂರಿಸಿ ಕೇಳಿ. ಬರೆದದ್ದನ್ನು ಮುಂದಿನ ವರ್ಷದ ಸಂಚಿಕೆಗೆ ಕೊಡಿ.