ಉಪ್ಪು, ಸಕ್ಕರೆ, ನೀರು: ನಮ್ಮ ಮಕ್ಕಳ ಜೀವದ ಚರಿತ್ರೆ



ಹೋದ ವಾರ ಬನಶಂಕರಿಯ ನಮ್ಮ ಬೀದೀಲಿ ನಲ್ಲಿ ನೀರು ವಾಸನೆ ಬಂತು. ಎರಡೇ ದಿನಕ್ಕೆ ಪಕ್ಕದ ಮನೆ ಮಗುವಿಗೆ ಭೇದಿ. "ಹೊಟ್ಟೆ ಒಣಗಿಸ್ಬೇಕು, ಹಾಲೂ ಬೇಡ, ನೀರೂ ಬೇಡ" ಅಂದರು ಅಜ್ಜಿ. ತಪ್ಪು ಅವರದಲ್ಲ. ಒಂದು ಕಾಲಕ್ಕೆ ಡಾಕ್ಟರುಗಳೂ ಊಟ ನಿಲ್ಲಿಸಿ ಅಂತಲೇ ಹೇಳ್ತಿದ್ದರು. ಅದು ಹೇಗೆ ಬದಲಾಯ್ತು ಅನ್ನೋದು ನಮಗೆ ಗೊತ್ತಿರಬೇಕು.

1971, ಬಾಂಗ್ಲಾ ಯುದ್ಧ. ಗಡಿ ದಾಟಿ ಬಂದ ಲಕ್ಷಾಂತರ ನಿರಾಶ್ರಿತರಲ್ಲಿ ನಾಮಶೂದ್ರ ದಲಿತರೂ ಇದ್ದರು. 1946ರಲ್ಲಿ ಬಾಬಾಸಾಹೇಬರನ್ನು ಬಂಗಾಳದಿಂದ ಸಂವಿಧಾನ ಸಭೆಗೆ ಕಳಿಸಲು ದುಡಿದ ಜೋಗೇಂದ್ರನಾಥ ಮಂಡಲರ ಸಮುದಾಯ ಅದು. ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿ ಕಾಲರಾ ಹಬ್ಬಿತು, ಡ್ರಿಪ್ ಬಾಟಲಿ ಸಾಲಲಿಲ್ಲ. ಡಾ. ದಿಲೀಪ್ ಮಹಾಲನಬಿಸ್ ಗ್ಲೂಕೋಸು, ಉಪ್ಪು, ಅಡುಗೆ ಸೋಡಾ ಅಳತೆ ಮಾಡಿ ನೀರಿಗೆ ಬೆರೆಸಿ ಡ್ರಮ್ಮಿಗೆ ತುಂಬಿಸಿದರು. ಕುಡಿಸೋ ಕೆಲಸವನ್ನು ರೋಗಿಗಳ ಮನೆಯವರಿಗೇ ಕೊಟ್ಟರು. ನೂರಕ್ಕೆ 30ರ ಹತ್ತಿರ ಇದ್ದ ಸಾವು 3.6ಕ್ಕೆ ಇಳಿಯಿತು. ಅವರು 2022ರಲ್ಲಿ ತೀರಿಕೊಂಡರು; ಪದ್ಮವಿಭೂಷಣ ಬಂದದ್ದು 2023ರಲ್ಲಿ.

ಗುಟ್ಟು ಇಷ್ಟೇ: ಭೇದಿ ಇದ್ದಾಗಲೂ ಕರುಳು ಸಕ್ಕರೆ ಹೀರುತ್ತೆ. ಸಕ್ಕರೆ ಜೊತೆ ಉಪ್ಪು ಹೋಗುತ್ತೆ, ಅದರ ಹಿಂದೆ ನೀರು ಹೋಗುತ್ತೆ.

ಹಾಗಾಗಿ ನೆನಪಿಡಿ. ಓಆರ್‌ಎಸ್ ಪುಡಿಗೆ ಪ್ಯಾಕೆಟ್ ಮೇಲೆ ಬರೆದಷ್ಟೇ ನೀರು ಹಾಕಿ. ಪ್ಯಾಕೆಟ್ ಸಿಗದಿದ್ದರೆ 1 ಲೀಟರ್ ಕಾಯಿಸಿ ಆರಿಸಿದ ನೀರಿಗೆ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಚಮಚ ಮಟ್ಟವಾಗಿರಲಿ, ಗೋಪುರ ಬೇಡ. ಗುಟುಕು ಗುಟುಕಾಗಿ ಕುಡಿಸಿ. ಎದೆಹಾಲು ನಿಲ್ಲಿಸಬೇಡಿ. ಊಟ ಮಾಡೋ ಮಗುವಿಗೆ ಗಂಜಿ, ಬೇಳೆ-ಅನ್ನ, ಬಾಳೆಹಣ್ಣು ಕೊಡ್ತಾ ಇರಿ. ಜಿಂಕ್ ಮಾತ್ರೆ ಆಶಾ ಅಕ್ಕನನ್ನ ಕೇಳಿ. ಭೇದಿ ನಿಂತರೂ ಅವರು ಹೇಳಿದಷ್ಟು ದಿನ ಪೂರ್ತಿ ಕೊಡಿ. ಕಣ್ಣು ಗುಳಿಬಿದ್ದರೆ, ಮಗು ಕುಡಿಯದಿದ್ದರೆ, ಮಂಕಾದರೆ, ಭೇದೀಲಿ ರಕ್ತ ಕಂಡರೆ ತಡಮಾಡದೆ ಆಸ್ಪತ್ರೆಗೆ ಓಡಿ.

ಪಕ್ಕದ ಮನೆ ಮಗು ಈಗ ಆಡ್ತಾ ಇದೆ. ಅಜ್ಜಿಯೇ ಲೋಟ ಹಿಡಿದು ಕುಡಿಸಿದರು.

ಆದರೆ ಪ್ಯಾಕೆಟ್ ಕೊಟ್ಟು ಪೈಪಿನ ಮಾತು ಮರೆಸೋದಕ್ಕೆ ಬಿಡಬಾರದು. 2023ರಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯ ದಲಿತ ಕೇರಿಯಲ್ಲಿ ಕಲುಷಿತ ನೀರು ಕುಡಿದು ನಮ್ಮ ಜನ ಸತ್ತರು. 1927ರಲ್ಲಿ ಬಾಬಾಸಾಹೇಬರು ಮಹಾಡ್ ಕೆರೆಯ ನೀರು ಮುಟ್ಟಿದ್ದು ನಮ್ಮ ಹಕ್ಕಿಗಾಗಿ. ಆ ಹಕ್ಕು ಅಂದರೆ ಯಾವುದೋ ಒಂದು ನೀರಲ್ಲ, ಕುಡಿದರೆ ಮಗು ಬದುಕೋ ನೀರು.

ಲೋಟ ನಮ್ಮ ಕೈಲಿರಲಿ. ಪೈಪಿನ ಲೆಕ್ಕ ಸರ್ಕಾರವನ್ನು ಕೇಳೋಣ.

ಜೈ ಭೀಮ್.