ಪದ ಪರಿಚಯ: ವಂಶಾನುಗತ ಪೌರತ್ವ

ಪುರದಿಂದ ಪೌರ, ಪೌರದಿಂದ ಪೌರತ್ವ. ಪೌರನೆಂದರೆ ಮೂಲತಃ ಪಟ್ಟಣದ ನಿವಾಸಿ. ಪೌರಕಾರ್ಮಿಕ, ಪೌರಾಯುಕ್ತ ಎಂಬಲ್ಲಿ ಊರಿನ ಆ ಅರ್ಥ ಇನ್ನೂ ಉಳಿದಿದೆ. ಹಿಂದಿಯವರು ಪೌರತ್ವಕ್ಕೆ ನಾಗರಿಕತಾ ಎನ್ನುತ್ತಾರೆ. ಕನ್ನಡದಲ್ಲಿ ನಾಗರಿಕತೆ ಎಂದರೆ ಸಿಂಧೂ ಕಣಿವೆಯೇ ನೆನಪಾಗುವುದರಿಂದ ನಮಗೆ ಪೌರತ್ವವೇ ಸರಿ. ವಂಶವೆಂದರೆ ಪೀಳಿಗೆ, ಸಂಸ್ಕೃತದಲ್ಲಿ ಬಿದಿರು ಕೂಡ. ಹೀಗೆ ನೆಲದ ಮಾತೂ ಕುಲದ ಮಾತೂ ಸೇರಿದ ಈ ಪದಪುಂಜ, ಹಕ್ಕು ರಕ್ತದ ಜೊತೆ ತಾನಾಗಿ ಹರಿದುಬರುತ್ತದೆ ಎಂಬ ಭ್ರಮೆ ಹುಟ್ಟಿಸುತ್ತದೆ.

1955ರ ಪೌರತ್ವ ಕಾಯ್ದೆಯ 4ನೇ ಕಲಂ ಬೇರೆಯದನ್ನೇ ಹೇಳುತ್ತದೆ. ಮೊದಲು ಅಲ್ಲಿ ವಂಶವೆಂದರೆ ತಂದೆಯದು ಮಾತ್ರ; ವಿದೇಶದಲ್ಲಿ ಹೆತ್ತ ಭಾರತೀಯ ತಾಯಿಯ ಪೌರತ್ವ ಲೆಕ್ಕಕ್ಕೆ ಬಂದದ್ದು 1992ರ ಡಿಸೆಂಬರ್ 10ರಿಂದ. ತಂದೆಯೋ ತಾಯಿಯೋ ತಾವೇ ಹೊರದೇಶದಲ್ಲಿ ಹುಟ್ಟಿ ವಂಶದ ಮೂಲಕ ಪೌರರಾಗಿದ್ದರೆ, ಸರ್ಕಾರಿ ಸೇವೆಯಲ್ಲಿದ್ದವರನ್ನು ಬಿಟ್ಟು, ಮಗುವಿನ ಜನನವನ್ನು ದೂತಾವಾಸದಲ್ಲಿ ನೋಂದಾಯಿಸಬೇಕಿತ್ತು. 2004ರ ಡಿಸೆಂಬರ್ 3ರಿಂದೀಚೆಗೆ ವಿದೇಶದಲ್ಲಿ ಹುಟ್ಟಿದ ಎಲ್ಲರಿಗೂ ನೋಂದಣಿ ಕಡ್ಡಾಯ: ಒಂದು ವರ್ಷದೊಳಗೆ, ತಡವಾದರೆ ಕೇಂದ್ರದ ಅನುಮತಿಯೊಂದಿಗೆ. ಮಗುವಿಗೆ ಬೇರೆ ದೇಶದ ಪಾಸ್‌ಪೋರ್ಟ್ ಇಲ್ಲವೆಂದೂ ಹೆತ್ತವರು ಘೋಷಿಸಬೇಕು. ದಾಖಲೆಯಿಲ್ಲದಿದ್ದರೆ ನಾಡಿನ ನಂಟೇ ಇಲ್ಲದ ತಲೆಮಾರುಗಳು ಹಕ್ಕು ಕೇಳಿಯಾವು ಎಂಬ ಆತಂಕ ನ್ಯಾಯವಾದುದೇ. ಆದರೆ ಹೆತ್ತವರ ಮರೆವಿಗೆ ಮಗು ಬೆಲೆ ತೆರಬಾರದು. ಮಸ್ಕತ್‌ನಲ್ಲಿ ಹುಟ್ಟಿ ಭಾರತೀಯಳಾಗಿಯೇ ಉಳಿದ ಕರಾವಳಿಯ ಹೆಣ್ಣುಮಗಳು ಅಲ್ಲೇ ಹೆತ್ತರೆ, ಅಲ್ಲಿ ಹುಟ್ಟಿದ ಮಾತ್ರಕ್ಕೆ ಒಮಾನ್ ಆ ಕೂಸಿಗೆ ಪೌರತ್ವ ಕೊಡುವುದಿಲ್ಲ. ತಡವಾದ ನೋಂದಣಿಗೆ ಅನುಮತಿ ಕೊಡುವಾಗ ಸರ್ಕಾರ ಮೊದಲು ನೋಡಬೇಕಾದದ್ದು, ಮಗು ಯಾವ ದೇಶಕ್ಕೂ ಸೇರದೆ ಉಳಿಯಬಹುದಾದ ಈ ಅಪಾಯವನ್ನೇ.