ಕಾಂಗ್ರೆಸ್ ಕಸ ಬಂದ ದಾರಿ, ದಮ್ಮು ಬಂದ ದಾರಿ

1972ರ ಬರದಾಗ ನಾನು ಸಣ್ಣ ಹುಡುಗ. ನಮ್ಮ ಜತ್ತ ತಾಲೂಕಿನ ಮಂದಿ ರಸ್ತೆ ಕಾಮಗಾರಿಗೆ ಕಲ್ಲು ಒಡೀಲಿಕ್ಕೆ ಹೋಗುತ್ತಿದ್ದರು. ಆಗ ನಮ್ಮ ಹೊಲದ ಬದುವಿನ ಮೇಲೆ ಕಾಂಗ್ರೆಸ್ ಕಸ ನೋಡಿದ ನೆನಪು ನನಗಿಲ್ಲ. ಮುಂದೆ ಅವೇ ರಸ್ತೆಗಳ ಎರಡೂ ದಂಡಿಗೆ ಎದೆಮಟ ಬೆಳೆದು ನಿಂತಿತು.

ಈ ಕಸದ ತವರು ಮೆಕ್ಸಿಕೊ ಕಡೆಯ ಸೀಮೆ. ಶಾಸ್ತ್ರದ ಹೆಸರು ಪಾರ್ಥೇನಿಯಂ. ಎಲೆ ಗಜ್ಜರಿ ಎಲೆಯಂತೆ ಇರುವುದರಿಂದ ಮರಾಠಿಯವರು ಗಾಜರ ಗವತ ಅಂತಾರೆ. ನಮ್ಮ ದೇಶದಲ್ಲಿ ಇದು ಹಬ್ಬಿದ್ದು ಎದ್ದು ಕಂಡದ್ದು ಪುಣೆಯಲ್ಲಿ, 1955ರ ಸುಮಾರಿಗೆ. ಅಮೆರಿಕದ ಗೋಧಿ ಚೀಲದಾಗ ಬೀಜ ಬಂತು ಅಂತ ಎಲ್ಲರ ಮಾತು. ಪಿ.ಎಲ್. 480ರ ಗೋಧಿ ಕರಾರು ಆದದ್ದು 1956ರಲ್ಲಿ, ಅಂದರೆ ಕಸ ಕಂಡ ಮೇಲೆ. ಆದರೆ 1951ರಲ್ಲೂ ಅಮೆರಿಕದ ಕಾಳು ನಮ್ಮ ದೇಶಕ್ಕೆ ಬಂದಿತ್ತು. ಹಾಗಾಗಿ ಜನರ ಮಾತು ಪೂರಾ ಸುಳ್ಳು ಅನ್ನಲಿಕ್ಕೆ ಬರುವುದಿಲ್ಲ.

1975ರಲ್ಲಿ ಕರ್ನಾಟಕ ಸರಕಾರ ಇದನ್ನು ಪಿಡುಗು ಅಂತ ಸಾರಿತು. 1984ರಲ್ಲಿ ಬೆಂಗಳೂರಿನ ವಿಜ್ಞಾನಿಗಳು ಮೆಕ್ಸಿಕೊದಿಂದ ತರಿಸಿದ ಎಲೆ ತಿನ್ನುವ ಹುಳ ಬಿಟ್ಟರು. ಹುಳ ತಿಂದಿತು, ಕಸ ಮತ್ತೆ ಚಿಗುರಿತು. ಒಂದೊಂದು ಗಿಡಕ್ಕೆ ಸಾವಿರಗಟ್ಟಲೆ ಬೀಜ.

ಇನ್ನು ದಮ್ಮಿನ ಮಾತು. ನಾನು ಡೊಳ್ಳಿನ ಪದ ಹಾಡುವವ. ಮಳೆಗಾಲದಾಗ ಈ ಕಸ ಹೂ ಬಿಟ್ಟಿತೆಂದರೆ ನನಗೆ ಬೆಳಗ್ಗೆ ಎದ್ದ ಕೂಡಲೆ ಹತ್ತಿಪ್ಪತ್ತು ಸೀನು, ಮೂಗಿನಾಗ ನೀರು, ಕಣ್ಣು ತುರಿಕೆ. ನೆಗಡಿ ಅಂತ ಹತ್ತು ವರ್ಷ ಬಿಟ್ಟೆ. ಒಂದು ಜಾತ್ರೆಯ ರಾತ್ರಿ ಪದದ ನಡುವೆ ಎದೆ ಬಿಗಿದು ಉಸಿರು ಸಿಳ್ಳೆ ಹೊಡೆಯಿತು. ಪದ ಮರೆತೆ ಅಂತ ತಿಳಿದು ಎದುರು ಮೇಳದವರು ಚಪ್ಪಾಳೆ ತಟ್ಟಿದರು. ಪದ ನೆನಪಿತ್ತು, ಉಸಿರು ಇರಲಿಲ್ಲ.

ಎದೆ ತೋರಿಸಲಿಕ್ಕೆ ಹೋದರೆ ಡಾಕ್ಟರು ಮೊದಲು ಕೇಳಿದ್ದು, "ಮೂಗು ಎಷ್ಟು ವರ್ಷದಿಂದ ಹಿಂಗೈತಿ?" ಅಂತ.

ಅವರು ತಿಳಿಸಿ ಹೇಳಿದರು. ಹೂವಿನ ಪುಡಿ ವಿಷವಲ್ಲ. ಕೆಲವರ ಮೈ ಮಾತ್ರ ಅದನ್ನು ವೈರಿ ಅಂತ ತಿಳಿದು ಕಾದಾಟಕ್ಕೆ ನಿಲ್ಲುತ್ತದೆ. ಅದೇ ಅಲರ್ಜಿ. ಮೂಗಿನಾಗ ಕಾದಾಟ ನಡೆದರೆ ಸೀನು, ನೀರು. ಪುಪ್ಪುಸದ ಕೊಳವೆಯಾಗ ನಡೆದರೆ ಕೊಳವೆ ಬಾತು, ಬಿಗಿದು ದಮ್ಮು. ಮೂಗು, ಪುಪ್ಪುಸ ಒಂದೇ ದಾರಿಯ ಎರಡು ತುದಿ. ಸೀನುವವರಿಗೆಲ್ಲ ದಮ್ಮು ಬರುವುದಿಲ್ಲ, ದಮ್ಮೆಲ್ಲ ಅಲರ್ಜಿಯದೂ ಅಲ್ಲ. ಆದರೆ ಮೂಗಿನ ಅಲರ್ಜಿ ಇದ್ದವರಿಗೆ ದಮ್ಮಿನ ಭಯ ಹೆಚ್ಚು.

ಇದು ಇಂದು ನಿನ್ನೆ ತಿಳಿದ ಮಾತಲ್ಲ. ಇಂಗ್ಲೆಂಡಿನ ಮ್ಯಾಂಚೆಸ್ಟರಿನ ಚಾರ್ಲ್ಸ್ ಬ್ಲ್ಯಾಕ್ಲಿ ಎಂಬ ವೈದ್ಯರಿಗೂ ಹೀಗೇ ಸೀನು ಬರುತ್ತಿತ್ತು. ಅವರು ಹುಲ್ಲಿನ ಹೂಪುಡಿಯನ್ನು ತಮ್ಮ ಮೂಗಿಗೇ ಹಚ್ಚಿ ನೋಡಿ, ಸೀನಿಗೂ ಉಬ್ಬಸಕ್ಕೂ ಅದೇ ಕಾರಣ ಆಗಬಹುದೆಂದು 1873ರಲ್ಲಿ ಪುಸ್ತಕ ಬರೆದರು. ಅಲರ್ಜಿ ಎಂಬ ಶಬ್ದ ಹುಟ್ಟಿಸಿದವರು ವಿಯೆನ್ನಾದ ಪಿರ್ಕೆ ಎಂಬ ವೈದ್ಯರು, 1906ರಲ್ಲಿ. ಅಲ್ಲಿ ಅಷ್ಟು ಹಿಂದೆ ಬರೆದಿಟ್ಟದ್ದು ನಮ್ಮ ಹಟ್ಟಿಗೆ ಬರಲಿಲ್ಲ. ಇಲ್ಲಿ ಇನ್ನೂ ದಮ್ಮು ಅಂದರೆ ಅಂಟುರೋಗ ಅಂತ ತಾಟು ಬೇರೆ ಇಡುತ್ತಾರೆ. ದಮ್ಮು ಅಂಟುವುದಿಲ್ಲ. ಬಾಯಿಗೆ ಹಿಡಿಯುವ ಪಂಪು ಚಟ ಹತ್ತಿಸುತ್ತದೆ ಅಂತ ನಾನೂ ಒಂದು ವರ್ಷ ಮುಟ್ಟಲಿಲ್ಲ. ಅದೂ ಸುಳ್ಳು. ಆ ಔಷಧ ನೇರ ಎದೆಗೆ ಹೋಗುತ್ತದೆ. ಡಾಕ್ಟರು ಹೇಳಿದಂತೆ ತಪ್ಪದೆ ತಗೊಂಡ ಮೇಲೆಯೇ ನಾನು ಮತ್ತೆ ಹಾಡಿದ್ದು.

ಕಸ ತೆಗೆಯುವ ಹೆಣ್ಣಾಳುಗಳಿಗೆ ಕೈಗೂ ಇದರ ತುರಿಕೆ ಏಳುತ್ತದೆ. ಹೂ ಬಿಡುವ ಮೊದಲೇ, ಮಣ್ಣು ಹಸಿ ಇರುವಾಗ, ಕೈಗೆ ಚೀಲ ಕಟ್ಟಿ, ಮೂಗಿಗೆ ಬಟ್ಟೆ ಸುತ್ತಿ ಬೇರು ಸಹಿತ ಕೀಳಬೇಕು. ದಮ್ಮು ಇದ್ದವರು ಆ ಕೆಲಸಕ್ಕೆ ಹೋಗಬಾರದು.

ಕಡೆಗೆ ಮಾಸ್ತರರಲ್ಲಿ ಒಂದು ಬಿನ್ನಹ. ಶಾಲೆ ಬಯಲಿನ ಈ ಕಸವನ್ನು ಮಕ್ಕಳ ಕೈಯಿಂದ ಕೀಳಿಸಬೇಡಿರಿ. ನಾವು ದೊಡ್ಡವರು ಬಂದು ಕಿತ್ತು ಕೊಡುತ್ತೇವೆ. ಯಾವ ಹುಡುಗ ಮಳೆಗಾಲದಾಗ ದಿನಾ ಸೀನುತ್ತಾನೋ, ಓಡುವಾಗ ಕೆಮ್ಮಿ ನಿಲ್ಲುತ್ತಾನೋ, ಅವನ ಅಪ್ಪ ಅವ್ವನಿಗೆ ಹೇಳಿ ಕಳಿಸಿರಿ. ನನಗೆ ಹತ್ತು ವರ್ಷ ಯಾರೂ ಹೇಳಿರಲಿಲ್ಲ.